ಸಲೈನ್ ಏರಿಸಿದ ಮೇಲೆ ಮತ್ತೆ ನೋಡುವವರು ಯಾರು? ಶಾಕ್ ಚಿಕಿತ್ಸೆಯ ಬದಲಾದ ಲೆಕ್ಕ

ಸೆಪ್ಸಿಸ್‌ನಿಂದ, ಅಂದರೆ ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ್ದುಮೀರಿ ಅಂಗಾಂಗಗಳು ಸೋಲುವ ಸ್ಥಿತಿಯಿಂದ, ಶಾಕ್‌ಗೆ ಜಾರಿದ ವಯಸ್ಕ ರೋಗಿಗೆ ಮೊದಲ ಮೂರು ಗಂಟೆಯೊಳಗೆ ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 30 ಮಿಲಿಲೀಟರ್‌ನಂತೆ ದ್ರವವನ್ನು ರಕ್ತನಾಳದ ಮೂಲಕ ಕೊಡಬೇಕು ಎಂಬ ಲೆಕ್ಕ ತೀವ್ರನಿಗಾ ಘಟಕಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಬಾಯಿಪಾಠ. 60 ಕಿಲೋ ತೂಕದವರಿಗೆ ಅದು 1.8 ಲೀಟರ್, ಅಂದರೆ ಅರ್ಧ ಲೀಟರಿನ ನಾಲ್ಕು ಬಾಟಲಿಗೆ ತುಸು ಕಡಿಮೆ. 'ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್' ಎಂಬ ಅಂತರರಾಷ್ಟ್ರೀಯ ಕೂಟ 2016ರಲ್ಲಿ ಇದನ್ನು ಬಲವಾದ ಶಿಫಾರಸಾಗಿ ಮುಂದಿಟ್ಟಿತ್ತು. ಅದೇ ಕೂಟದ 2021ರ ಮಾರ್ಗಸೂಚಿಯಲ್ಲಿ ಸಂಖ್ಯೆ ಹಾಗೆಯೇ ಉಳಿದರೂ ಅದರ ತೂಕ ಇಳಿಯಿತು. 'ಶಿಫಾರಸು ಮಾಡುತ್ತೇವೆ' ಎಂದಿದ್ದದ್ದು 'ಸೂಚಿಸುತ್ತೇವೆ' ಎಂದಾಯಿತು. ಒಂದು ಕ್ರಿಯಾಪದ ಮೆತ್ತಗಾಗುವುದಕ್ಕೆ ಎರಡು ದಶಕಗಳ ಪ್ರಯೋಗಗಳೂ ಅನೇಕ ರೋಗಿಗಳ ಸಾವೂ ಬೇಕಾದವು. ಆ ಬದಲಾವಣೆಯನ್ನು ಅರ್ಥ ಮಾಡಿಕೊಳ್ಳದೆ ಇಂದು ಶಾಕ್ ಚಿಕಿತ್ಸೆಯ ಬಗ್ಗೆ ಮಾತನಾಡುವುದು ಕಷ್ಟ.

ಮೊದಲು ಶಬ್ದದ ವಿಚಾರ. ಆಡುಮಾತಿನಲ್ಲಿ ಶಾಕ್ ಎಂದರೆ ಕರೆಂಟ್ ಹೊಡೆಯುವುದು, ಇಲ್ಲವೇ ಕೆಟ್ಟ ಸುದ್ದಿ ಕೇಳಿ ಕುಸಿಯುವುದು. ವೈದ್ಯರು ಹೇಳುವ ಶಾಕ್ ಇವೆರಡೂ ಅಲ್ಲ. ರಕ್ತಸಂಚಾರ ಸೋತು ದೇಹದ ಜೀವಕೋಶಗಳಿಗೆ ಬೇಕಾದಷ್ಟು ಆಮ್ಲಜನಕ ಮುಟ್ಟದ ಸ್ಥಿತಿಗೆ ಆ ಹೆಸರು. ರಕ್ತದೊತ್ತಡ ಇಳಿಯುವುದು ಅದರ ಒಂದು ಲಕ್ಷಣ ಮಾತ್ರ, ಅದೂ ಎಷ್ಟೋ ಸಲ ತಡವಾಗಿ ಕಾಣಿಸಿಕೊಳ್ಳುವ ಲಕ್ಷಣ. ನಮ್ಮ ನೀರಾವರಿಯ ಭಾಷೆಯಲ್ಲಿ ಹೇಳುವುದಾದರೆ, ಜಲಾಶಯದ ಮಟ್ಟ ಎಷ್ಟು ಅಡಿ ಇದೆ ಎನ್ನುವುದು ಒಂದು ಪ್ರಶ್ನೆ, ಕಾಲುವೆಯ ಕೊನೆಯ ಭಾಗದ ರೈತನ ಗದ್ದೆಗೆ ನೀರು ಹರಿದಿದೆಯೇ ಎನ್ನುವುದು ಬೇರೆಯೇ ಪ್ರಶ್ನೆ. ಮಾನಿಟರ್‌ನಲ್ಲಿ ಕಾಣುವ ಬಿಪಿ ಮೊದಲನೆಯದಕ್ಕೆ ಉತ್ತರ. ಚರ್ಮದ ಬಿಸುಪು, ಮೂತ್ರದ ಪ್ರಮಾಣ, ರೋಗಿಯ ಎಚ್ಚರ ಇವು ಎರಡನೆಯದಕ್ಕೆ.

ನೀರು ಕೊನೆಯ ಗದ್ದೆಗೆ ತಲುಪದಿರಲು ಕಾರಣಗಳು ಬೇರೆ ಬೇರೆ. ರಕ್ತಸ್ರಾವದಲ್ಲೋ ವಾಂತಿಭೇದಿಯಲ್ಲೋ ಮೂಲದಲ್ಲಿಯೇ ನೀರು ಕಡಿಮೆಯಾಗಿರುತ್ತದೆ. ದೊಡ್ಡ ಹೃದಯಾಘಾತದಲ್ಲಿ ಪಂಪ್ ಕೈಕೊಟ್ಟಿರುತ್ತದೆ. ಸೆಪ್ಸಿಸ್‌ನಲ್ಲಿ ಮತ್ತು ತೀವ್ರ ಅಲರ್ಜಿಯಲ್ಲಿ ರಕ್ತನಾಳಗಳು ಸಡಿಲಗೊಂಡು ಹಿಗ್ಗುತ್ತವೆ, ಜೊತೆಗೆ ಸೋರಲೂ ತೊಡಗುತ್ತವೆ. ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಂಡರೆ, ಇಲ್ಲವೇ ಹೃದಯದ ಸುತ್ತಲಿನ ಚೀಲದಲ್ಲಿ ದ್ರವ ತುಂಬಿ ಅದುಮಿದರೆ, ಹರಿವಿಗೇ ಅಡ್ಡಿ. ಈ ನಾಲ್ಕರಲ್ಲಿ ಬಾಟಲಿ ಏರಿಸುವುದು ನೇರವಾಗಿ ಮದ್ದಾಗುವುದು ಮೊದಲನೆಯದಕ್ಕೆ ಮಾತ್ರ. ಉಳಿದವುಗಳಲ್ಲಿ ಅದು ಭಾಗಶಃ ಆಸರೆ, ಕೆಲವೊಮ್ಮೆ ಅಪಾಯ.

ಇಷ್ಟಾದರೂ ದ್ರವಕ್ಕೆ ಔಷಧದ ಗೌರವ ಸಿಕ್ಕಿದ್ದು ಇತ್ತೀಚೆಗೆ. ನಮ್ಮ ಊರುಗಳಲ್ಲಿ ಸುಸ್ತಾದರೆ 'ಒಂದು ಗ್ಲೂಕೋಸ್ ಹಾಕಿಸಿಕೊಂಡು ಬಾ' ಎನ್ನುವ ರೂಢಿಯಿದೆ. ಐದು ಶೇಕಡಾ ಡೆಕ್ಸ್‌ಟ್ರೋಸ್‌ನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಸುಮಾರು ನೂರು ಕ್ಯಾಲರಿ. ಎರಡು ಲೋಟ ಸಿಹಿ ಪಾನಕ ಅಷ್ಟನ್ನು ಕೊಡುತ್ತದೆ. ಶಾಕ್‌ನಲ್ಲಂತೂ ಅದು ನಿಷ್ಪ್ರಯೋಜಕ. ಸಕ್ಕರೆ ಕರಗಿಹೋದ ಮೇಲೆ ಉಳಿಯುವ ಬರಿಯ ನೀರು ದೇಹದ ಎಲ್ಲ ಕೋಶಗಳಿಗೂ ಹಂಚಿಹೋಗಿ, ರಕ್ತನಾಳದೊಳಗೆ ನಿಲ್ಲುವುದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಉಪ್ಪಿನಂಶವಿರುವ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಇದಕ್ಕಿಂತ ಉತ್ತಮ ಎನ್ನುವುದು ನಿಜ. ಆದರೆ ಅವುಗಳಲ್ಲಿಯೂ ಸುಮಾರು ಮುಕ್ಕಾಲು ಪಾಲು ಒಂದೆರಡು ಗಂಟೆಯಲ್ಲಿ ನಾಳದಿಂದ ಹೊರಗೆ, ಅಂಗಾಂಶಗಳ ನಡುವೆ ಸೇರುತ್ತದೆ. ಸೆಪ್ಸಿಸ್‌ನಲ್ಲಿ ನಾಳದ ಒಳಪದರವೇ ಹಾಳಾಗಿರುವುದರಿಂದ ಆ ಸೋರಿಕೆ ಇನ್ನೂ ಹೆಚ್ಚು. ಹೊರಗೆ ಹೋದ ನೀರು ಶ್ವಾಸಕೋಶವನ್ನು ತೇವವಾಗಿಸುತ್ತದೆ, ಮೂತ್ರಪಿಂಡವನ್ನು ಊದಿಸುತ್ತದೆ, ಕರುಳನ್ನು ಬಾತುಕೊಳ್ಳುವಂತೆ ಮಾಡುತ್ತದೆ.

ಹಾಗಿದ್ದರೆ ಅಷ್ಟೊಂದು ದ್ರವ ಕೊಡುವ ಪದ್ಧತಿ ಬೇರೂರಿದ್ದು ಹೇಗೆ? 2001ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯಿಂದ ಎಮಾನ್ಯುಯೆಲ್ ರಿವರ್ಸ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 263 ರೋಗಿಗಳಲ್ಲಿ, ಮೊದಲ ಆರು ಗಂಟೆಗಳಲ್ಲಿಯೇ ಗುರಿಗಳನ್ನಿಟ್ಟುಕೊಂಡು ದ್ರವ, ವಾಸೊಪ್ರೆಸ್ಸರ್ (ರಕ್ತದೊತ್ತಡ ಏರಿಸುವ ಔಷಧ), ರಕ್ತ ಇತ್ಯಾದಿಗಳನ್ನು ಆಕ್ರಮಣಕಾರಿಯಾಗಿ ಕೊಟ್ಟ ಗುಂಪಿನಲ್ಲಿ ಸಾವಿನ ಪ್ರಮಾಣ ಶೇ. 30.5, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ. 46.5. ಇಷ್ಟು ದೊಡ್ಡ ಅಂತರ ತೀವ್ರನಿಗಾ ಕ್ಷೇತ್ರದಲ್ಲಿ ಅಪರೂಪ. ಜಗತ್ತಿನ ಆಸ್ಪತ್ರೆಗಳು ಈ ಕ್ರಮವನ್ನು ಅಪ್ಪಿಕೊಂಡವು. ಹದಿಮೂರು ವರ್ಷಗಳ ನಂತರ ಅಮೆರಿಕದ ಪ್ರೊಸೆಸ್, ಆಸ್ಟ್ರೇಲಿಯಾ ಮುಂದಾಳತ್ವದ ಅರೈಸ್, 2015ರಲ್ಲಿ ಇಂಗ್ಲೆಂಡಿನ ಪ್ರಾಮಿಸ್ ಎಂಬ ಮೂರು ದೊಡ್ಡ ಪ್ರಯೋಗಗಳು ಅದನ್ನೇ ಮತ್ತೆ ಪರೀಕ್ಷಿಸಿದಾಗ ಯಾವ ಲಾಭವೂ ಕಾಣಲಿಲ್ಲ. ರಿವರ್ಸ್ ತಪ್ಪು ಮಾಡಿದ್ದರು ಎಂದು ಇದರರ್ಥವಲ್ಲ. ಅವರ ಪ್ರಯೋಗದಿಂದಾಗಿ ಸೆಪ್ಸಿಸ್ ಅನ್ನು ಬೇಗ ಗುರುತಿಸುವುದು, ಬೇಗ ಆಂಟಿಬಯಾಟಿಕ್ ಕೊಡುವುದು ಎಲ್ಲೆಡೆ ರೂಢಿಯಾಗಿ, 'ಎಂದಿನ ಚಿಕಿತ್ಸೆ'ಯೇ ಉತ್ತಮಗೊಂಡಿತ್ತು. ಫಲ ಕೊಟ್ಟದ್ದು ದ್ರವದ ಪ್ರಮಾಣಕ್ಕಿಂತ ಹೆಚ್ಚಾಗಿ ಹಾಸಿಗೆಯ ಪಕ್ಕದಲ್ಲಿದ್ದ ಗಮನ ಎಂಬುದು ನನ್ನ ಓದು.

ಅದಕ್ಕೂ ಮೊದಲೇ ಆಫ್ರಿಕಾದಿಂದ ಎಚ್ಚರಿಕೆ ಬಂದಿತ್ತು. ಕೀನ್ಯಾ, ತಾಂಜಾನಿಯಾ ಮತ್ತು ಉಗಾಂಡಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಫೀಸ್ಟ್ ಪ್ರಯೋಗದಲ್ಲಿ, ತೀವ್ರ ಜ್ವರದೊಂದಿಗೆ ರಕ್ತಸಂಚಾರ ಕುಂದಿದ 3,141 ಮಕ್ಕಳ ಪೈಕಿ ಕೆಲವರಿಗೆ ತ್ವರಿತವಾಗಿ ಸಲೈನ್, ಕೆಲವರಿಗೆ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ದ್ರಾವಣ ಕೊಡಲಾಯಿತು. ಇನ್ನು ಕೆಲವರಿಗೆ ಹಾಗೆ ಒಮ್ಮೆಗೇ ಸುರಿಯದೆ ದಿನದ ಅಗತ್ಯದಷ್ಟು ದ್ರವ ಮಾತ್ರ. 48 ಗಂಟೆಗಳಲ್ಲಿ ಸಾವು ಮೊದಲೆರಡು ಗುಂಪುಗಳಲ್ಲಿ ಶೇ. 10.5ರ ಆಸುಪಾಸು, ಸುರಿಯದ ಗುಂಪಿನಲ್ಲಿ ಶೇ. 7.3. ಉಸ್ತುವಾರಿ ಸಮಿತಿ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿತು. ಮಲೇರಿಯಾ ಮತ್ತು ರಕ್ತಹೀನತೆ ಹೆಚ್ಚಿದ್ದ ಆ ಮಕ್ಕಳ ಸ್ಥಿತಿಯೇ ಬೇರೆ ಎಂದು ಹಲವರು ವಾದಿಸಿದರು. ಬಳಿಕ ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ವಯಸ್ಕರ ಮೇಲೆ ನಡೆದ ಪ್ರಯೋಗ 2017ರಲ್ಲಿ ಹೊರಬಂತು. ಅಲ್ಲಿ ಕಟ್ಟುನಿಟ್ಟಿನ ಕ್ರಮದಂತೆ ಆರು ಗಂಟೆಗಳಲ್ಲಿ ಸುಮಾರು ಮೂರೂವರೆ ಲೀಟರ್ ಪಡೆದವರಲ್ಲಿ ಸಾವು ಶೇ. 48.1, ವೈದ್ಯರ ವಿವೇಚನೆಯಂತೆ ಸುಮಾರು ಎರಡು ಲೀಟರ್ ಪಡೆದವರಲ್ಲಿ ಶೇ. 33. ಅವರಲ್ಲಿ ಹೆಚ್ಚಿನವರು ಎಚ್‌ಐವಿ ಸೋಂಕಿತರು, ಸೊರಗಿದವರು ಎಂಬುದನ್ನು ಮರೆಯಬಾರದು. ಆದರೆ ಉಸಿರಾಟ ಕಷ್ಟವಾದಾಗ ವೆಂಟಿಲೇಟರ್ ತಕ್ಷಣ ಸಿಗದ ವಾರ್ಡುಗಳು ಲುಸಾಕಾಕ್ಕೆ ಮಾತ್ರ ಸೀಮಿತವಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಡೆಟ್ರಾಯಿಟ್ ಹತ್ತಿರವೋ ಲುಸಾಕಾ ಹತ್ತಿರವೋ ಎಂದು ಕೇಳಿಕೊಂಡರೆ ಉತ್ತರ ಸುಲಭ.

ಇದಾದ ಮೇಲೆ ಶ್ರೀಮಂತ ದೇಶಗಳಲ್ಲಿ ನಡೆದ ಎರಡು ಪ್ರಯೋಗಗಳು ಚರ್ಚೆಯನ್ನು ಇನ್ನೊಂದು ನೆಲೆಗೆ ತಂದವು. ಯೂರೋಪಿನ ಕ್ಲಾಸಿಕ್ ಪ್ರಯೋಗದಲ್ಲಿ (2022) ತೊಂಬತ್ತು ದಿನಗಳ ಸಾವು, ದ್ರವವನ್ನು ಬಿಗಿಹಿಡಿದ ಗುಂಪಿನಲ್ಲಿ ಶೇ. 42.3, ಎಂದಿನಂತೆ ಕೊಟ್ಟ ಗುಂಪಿನಲ್ಲಿ ಶೇ. 42.1. ಅಮೆರಿಕದ ಕ್ಲೋವರ್ಸ್‌ನಲ್ಲಿ (2023) 1,563 ರೋಗಿಗಳು. ಒಂದು ಕಡೆ ದ್ರವ ಕಡಿಮೆ ಮಾಡಿ ವಾಸೊಪ್ರೆಸ್ಸರ್ ಬೇಗ, ಇನ್ನೊಂದು ಕಡೆ ದ್ರವ ಹೆಚ್ಚು, ವಾಸೊಪ್ರೆಸ್ಸರ್ ತಡ. ಸಾವು ಶೇ. 14.0 ಮತ್ತು ಶೇ. 14.9, ಅಂದರೆ ಲೆಕ್ಕಕ್ಕೆ ಸಿಗುವಂಥ ವ್ಯತ್ಯಾಸವಿಲ್ಲ. ಇದನ್ನು ಓದಿ 'ಹೇಗೆ ಮಾಡಿದರೂ ಒಂದೇ' ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಅವರು ಎರಡು ಸಂಗತಿಗಳನ್ನು ಬಿಡುತ್ತಾರೆ. ಒಂದು, ಎರಡೂ ಪ್ರಯೋಗಗಳಿಗೆ ಸೇರುವ ಮೊದಲೇ ರೋಗಿಗಳು ಕನಿಷ್ಠ ಒಂದು ಲೀಟರಿನಷ್ಟು ದ್ರವ ಪಡೆದಿದ್ದರು. ಆದ್ದರಿಂದ ಮೊದಲ ಬಾಟಲಿ ಬೇಡವೆಂದು ಇವು ಹೇಳುವುದೇ ಇಲ್ಲ. ಎರಡು, ಅಲ್ಲಿ ಯಾವ ದಾರಿ ಹಿಡಿದರೂ ತಪ್ಪನ್ನು ಬೇಗ ಹಿಡಿಯುವ ಸಿಬ್ಬಂದಿ ಇದ್ದರು. ಸರಾಸರಿಯಲ್ಲಿ ಸಮವಾಗಿ ಕಾಣುವ ಎರಡು ದಾರಿಗಳು ಒಬ್ಬೊಬ್ಬ ರೋಗಿಗೂ ಸಮ ಎಂದು ಭಾವಿಸಬೇಕಾಗಿಲ್ಲ.

ಈಗ ವಾಸೊಪ್ರೆಸ್ಸರ್‌ಗಳ ಕಡೆಗೆ. ಇವು ರಕ್ತನಾಳಗಳನ್ನು ಸಂಕುಚಿಸಿ ಒತ್ತಡವನ್ನು ಏರಿಸುವ ಔಷಧಗಳು, ಅವುಗಳಲ್ಲಿ ಮೊದಲ ಆಯ್ಕೆ ನಾರ್‌ಅಡ್ರಿನಲಿನ್. ಹಿಂದೆ ಡೋಪಮಿನ್ ಅಷ್ಟೇ ಜನಪ್ರಿಯವಾಗಿತ್ತು. 2010ರ ಸೋಪ್-2 ಪ್ರಯೋಗ 1,679 ರೋಗಿಗಳಲ್ಲಿ ಎರಡನ್ನೂ ಹೋಲಿಸಿದಾಗ ಒಟ್ಟಾರೆ ಸಾವಿನಲ್ಲಿ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲವಾದರೂ, ಹೃದಯ ಬಡಿತದ ಲಯ ತಪ್ಪಿದ್ದು ಡೋಪಮಿನ್‌ನಲ್ಲಿ ಶೇ. 24.1, ನಾರ್‌ಅಡ್ರಿನಲಿನ್‌ನಲ್ಲಿ ಶೇ. 12.4. ಅಲ್ಲಿಗೆ ಡೋಪಮಿನ್‌ನ ಕಾಲ ಹೆಚ್ಚು ಕಡಿಮೆ ಮುಗಿಯಿತು.

ನಾರ್‌ಅಡ್ರಿನಲಿನ್ ಎಂದರೆ 'ಕೊನೆಯ ಅಸ್ತ್ರ', ಅದನ್ನು ಹಚ್ಚಿದರೆ ಆಸೆ ಬಿಟ್ಟಂತೆ ಎಂಬ ಭಾವನೆ ರೋಗಿಯ ಮನೆಯವರಲ್ಲಿ ಮಾತ್ರವಲ್ಲ, ವೈದ್ಯರಲ್ಲಿಯೂ ಇತ್ತು. ಇದು ಅಪಧಮನಿಗಳನ್ನು ಮಾತ್ರ ಬಿಗಿ ಮಾಡುವುದಿಲ್ಲ ಎಂಬುದನ್ನು ಗಮನಿಸಿದರೆ ಆ ಭಾವನೆ ಸಡಿಲವಾಗುತ್ತದೆ. ದೇಹದ ರಕ್ತದ ಬಹುಪಾಲು ಇರುವುದು ಅಭಿಧಮನಿಗಳಲ್ಲಿ. ಸೆಪ್ಸಿಸ್‌ನಲ್ಲಿ ಅವು ಸಡಿಲಗೊಂಡು ರಕ್ತ ಅಲ್ಲೇ ನಿಂತುಬಿಡುತ್ತದೆ. ಹಳ್ಳ ಅಗಲವಾದಷ್ಟೂ ನೀರಿನ ಓಟ ಕುಗ್ಗುವ ಹಾಗೆ. ನಾರ್‌ಅಡ್ರಿನಲಿನ್ ಅವುಗಳನ್ನೂ ಬಿಗಿಗೊಳಿಸಿ, ಒಳಗೇ ಇರುವ ರಕ್ತವನ್ನು ಹೃದಯಕ್ಕೆ ಮರಳಿಸುತ್ತದೆ. ಹೊರಗಿನಿಂದ ಇನ್ನೊಂದು ಲೀಟರ್ ತಂದು ಸುರಿಯುವ ಬದಲು ಒಳಗಿರುವುದನ್ನು ಓಡಾಡಿಸುವ ಉಪಾಯ ಇದು.

ಇದನ್ನು ತಡಮಾಡಲು ಇನ್ನೊಂದು ಕಾರಣ ಸೆಂಟ್ರಲ್ ಲೈನ್. ಕುತ್ತಿಗೆಯ ದೊಡ್ಡ ಅಭಿಧಮನಿಗೆ ನಳಿಕೆ ಹಾಕುವ ತನಕ ಈ ಔಷಧ ಮುಟ್ಟಬಾರದು ಎಂಬ ನಿಯಮ ಬಲವಾಗಿತ್ತು, ಏಕೆಂದರೆ ಕೈಯ ಸಣ್ಣ ನಾಳದಿಂದ ಅದು ಹೊರಗೆ ಸೋರಿದರೆ ಸುತ್ತಲಿನ ಚರ್ಮ ಕಪ್ಪಾಗಿ ಸಾಯಬಹುದು. ಕ್ಲೋವರ್ಸ್‌ನಲ್ಲಿ ಸುಮಾರು 500 ರೋಗಿಗಳಿಗೆ ಕೈಯ ನಾಳದಿಂದಲೇ ಕೊಟ್ಟಾಗ ಅಂಥ ತೊಂದರೆ ಕಂಡದ್ದು ಮೂವರಲ್ಲಿ. 2021ರ ಮಾರ್ಗಸೂಚಿಯೂ ಸೆಂಟ್ರಲ್ ಲೈನ್‌ಗಾಗಿ ಕಾಯುತ್ತ ಕೂರದೆ ಮೊಣಕೈ ಮಡಿಕೆ ಅಥವಾ ಅದರ ಮೇಲಿನ ನಾಳದಲ್ಲಿ ಅಲ್ಪಾವಧಿಗೆ ಆರಂಭಿಸಬಹುದು ಎನ್ನುತ್ತದೆ. ಸಣ್ಣ ಆಸ್ಪತ್ರೆಗಳಿಗೆ ನನ್ನ ಲೆಕ್ಕದಲ್ಲಿ ಇಡೀ ಮಾರ್ಗಸೂಚಿಯ ಅತಿ ಉಪಯುಕ್ತ ಸಾಲು ಅದೇ. ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮೊದಲು, ಒಂದೆರಡು ಗಂಟೆಯ ಆಂಬುಲೆನ್ಸ್ ಪ್ರಯಾಣದಲ್ಲಿ, ಒತ್ತಡವನ್ನು ಹಿಡಿದಿಡಲು ಅದು ದಾರಿ ತೆರೆಯುತ್ತದೆ.

ಆದರೆ ಈ ಔಷಧ ದುಬಾರಿ ಅಲ್ಲದಿದ್ದರೂ ಬೇಡುವ ಕಾವಲು ದುಬಾರಿ. ದೇಹದಲ್ಲಿ ಅದರ ಆಯುಷ್ಯ ಕೆಲವೇ ನಿಮಿಷ. ಸಿರಿಂಜ್ ಪಂಪ್ ಖಾಲಿಯಾಗಿ ಹೊಸ ಸಿರಿಂಜ್ ಜೋಡಿಸುವ ನಡುವಿನ ಅಂತರದಲ್ಲಿ ಬಿಪಿ ಪಾತಾಳಕ್ಕಿಳಿಯಬಹುದು. ಅದಕ್ಕೇ ಅನುಭವಿ ನರ್ಸ್‌ಗಳು ಮುಂದಿನ ಸಿರಿಂಜನ್ನು ಮೊದಲೇ ತುಂಬಿ ಸಿದ್ಧವಿಟ್ಟಿರುತ್ತಾರೆ. ಸರಾಸರಿ ಅಪಧಮನಿ ಒತ್ತಡ 65 ಇರಲಿ ಎಂಬುದು ಸಾಮಾನ್ಯ ಗುರಿ. ಕೆಳಗಿನ ಅಂಕಿಗೆ ಮೇಲಿನ ಮತ್ತು ಕೆಳಗಿನ ಅಂಕಿಗಳ ವ್ಯತ್ಯಾಸದ ಮೂರನೇ ಒಂದು ಪಾಲು ಸೇರಿಸಿದರೆ ಅದು ಸಿಗುತ್ತದೆ. 90/50 ಇದ್ದವರಿಗೆ ಸುಮಾರು 63. ಇದಕ್ಕಿಂತ ಮೇಲೆ ಏರಿಸಿದಷ್ಟೂ ಒಳ್ಳೆಯದು ಎನ್ನಲು ಆಧಾರವಿಲ್ಲ. ಬ್ರಿಟನ್ನಿನಲ್ಲಿ 65 ವರ್ಷ ದಾಟಿದ ಸುಮಾರು 2,600 ಹಿರಿಯರಲ್ಲಿ 60ರಿಂದ 65ರ ಒತ್ತಡದ ಮಟ್ಟಕ್ಕೇ ತೃಪ್ತಿಪಟ್ಟ ಪ್ರಯೋಗದಲ್ಲಿ (2020) ಸಾವು ಹೆಚ್ಚಲಿಲ್ಲ. ಜಲಾಶಯದ ಮಟ್ಟ ಏರಿಸಲು ಎಲ್ಲ ಉಪಕಾಲುವೆಗಳ ಗೇಟು ಮುಚ್ಚಿದರೆ ಅಂಕಿ ಚೆನ್ನಾಗಿ ಕಾಣುತ್ತದೆ, ಗದ್ದೆ ಒಣಗುತ್ತದೆ; ವಾಸೊಪ್ರೆಸ್ಸರ್ ಅತಿಯಾದಾಗ ಬೆರಳ ತುದಿಗಳು ಕಪ್ಪಾಗುವುದು ಅದೇ ಕಥೆ. ಪ್ರಮಾಣ ಏರುತ್ತಲೇ ಹೋದರೆ ವಾಸೊಪ್ರೆಸ್ಸಿನ್ ಎಂಬ ಇನ್ನೊಂದು ವಾಸೊಪ್ರೆಸ್ಸರ್ ಜೊತೆಗೂಡಿಸುವುದು, ದಿನಕ್ಕೆ 200 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಸೇರಿಸುವುದು ಮುಂದಿನ ಹೆಜ್ಜೆಗಳು.

ಯಾವ ದ್ರವ ಎಂಬ ಚರ್ಚೆಯನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಪಿಷ್ಟದಿಂದ ತಯಾರಾದ ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ದ್ರಾವಣಗಳು 2012ರ ಪ್ರಯೋಗಗಳ ನಂತರ ಸೆಪ್ಸಿಸ್ ಚಿಕಿತ್ಸೆಯಿಂದ ಹೊರಬಿದ್ದವು. ಸಲೈನ್‌ಗಿಂತ ರಿಂಗರ್ ಲ್ಯಾಕ್ಟೇಟ್‌ನಂಥ ಸಮತೋಲಿತ ದ್ರವ ಸ್ವಲ್ಪ ಮೇಲು ಎಂಬ ಒಲವಿದೆ. 2024ರಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವುಗಳಾದಾಗ ರಿಂಗರ್ ಲ್ಯಾಕ್ಟೇಟ್ ಎಂಬ ಹೆಸರು ಪತ್ರಿಕೆಗಳಲ್ಲಿ ಮನೆಮಾತಾಯಿತು. ಅಲ್ಲಿ ಅನುಮಾನವಿದ್ದದ್ದು ಪೂರೈಕೆಯಾದ ಸರಕಿನ ಗುಣಮಟ್ಟದ ಬಗ್ಗೆಯೇ ಹೊರತು ಆ ದ್ರವದ ಬಗ್ಗೆ ಅಲ್ಲ ಎಂಬುದನ್ನು ಮಾತ್ರ ಇಲ್ಲಿ ಸೇರಿಸಬಹುದು.

ದ್ರವ ಕಡಿಮೆ ಮಾಡಿ ಎಂಬುದನ್ನೇ ಹೊಸ ಮಂತ್ರವಾಗಿ ಹಿಡಿಯುವುದೂ ಅಷ್ಟೇ ಅಪಾಯ. ಇದಕ್ಕೆ ನಮ್ಮ ಮಳೆಗಾಲದ ಡೆಂಗಿಗಿಂತ ಒಳ್ಳೆಯ ಉದಾಹರಣೆ ಬೇಡ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಆ ವರ್ಷವೂ ಮನೆಗಳಲ್ಲಿ ನಡೆದ ಮಾತೆಲ್ಲ ಪ್ಲೇಟ್‌ಲೆಟ್ ಎಷ್ಟಾಯಿತು, ಪಪ್ಪಾಯಿ ಎಲೆಯ ರಸ ಕುಡಿಸಿದಿರಾ ಎಂಬುದರ ಸುತ್ತಲೇ. ಆದರೆ ತೀವ್ರ ಡೆಂಗಿಯಲ್ಲಿ ಶಾಕ್ ತರುವುದು ಪ್ಲೇಟ್‌ಲೆಟ್ ಇಳಿಕೆಯಲ್ಲ, ಲೋಮನಾಳಗಳಿಂದ ಪ್ಲಾಸ್ಮಾ ಸೋರುವುದು. ಜ್ವರ ಬಿಟ್ಟಿತು ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ, ಮೂರನೆಯ ದಿನದಿಂದ ಏಳನೆಯ ದಿನದ ನಡುವೆ, ಸೋರಿಕೆ ಆರಂಭವಾಗಿ 24ರಿಂದ 48 ಗಂಟೆ ಇರುತ್ತದೆ. ಆಗ ಮಗುವಿನ ಬಿಪಿ 100/85 ಇರಬಹುದು. ಮೇಲಿನ ಅಂಕಿ ನೂರಿದೆ ಎಂದು ಸಮಾಧಾನಪಟ್ಟರೆ ಮೋಸಹೋದಂತೆ: ಎರಡು ಅಂಕಿಗಳ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ, ಕೈಕಾಲು ತಣ್ಣಗಿದ್ದರೆ, ಅದು ಶಾಕ್. ಇಲ್ಲಿ ದ್ರವವೇ ಜೀವದಾನ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈಪಿಡಿ ಇಂಥ ಹಂತದಲ್ಲಿ ವಯಸ್ಕರಿಗೆ ಗಂಟೆಗೆ ಕಿಲೋಗೆ 5ರಿಂದ 10 ಮಿಲಿಲೀಟರ್‌ನಿಂದ ಆರಂಭಿಸಿ, ನಾಡಿ ಮತ್ತು ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ನೋಡುತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಸಲು ಹೇಳುತ್ತದೆ. ಇಳಿಸುವುದು ಇಲ್ಲಿ ಏರಿಸುವಷ್ಟೇ ಮುಖ್ಯ. ಸೋರಿಕೆ ನಿಂತ ಮೇಲೆ ಹೊರಗೆ ಹೋಗಿದ್ದ ದ್ರವವೆಲ್ಲ ತಾನಾಗಿ ರಕ್ತನಾಳಕ್ಕೆ ಮರಳುತ್ತದೆ. ಆ ಹೊತ್ತಿಗೂ ಬಾಟಲಿ ತೂಗುತ್ತಲೇ ಇದ್ದರೆ, ಶಾಕ್‌ನಿಂದ ಪಾರಾದ ರೋಗಿ ಶ್ವಾಸಕೋಶದಲ್ಲಿ ನೀರು ತುಂಬಿ ಸಾಯಬಹುದು. ಒಂದೇ ರೋಗಿಗೆ ಸೋಮವಾರ ಅಮೃತವಾದ ದ್ರವ ಬುಧವಾರ ವಿಷ.

ಉಳಿದ ಸಂದರ್ಭಗಳನ್ನು ಬೇಗ ದಾಟಬಹುದು. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಬೇಕಾದುದು ರಕ್ತ, ಮೂರು ಗಂಟೆಯೊಳಗೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಮತ್ತು ಸ್ರಾವ ನಿಲ್ಲಿಸುವ ಕೈ. ಲೀಟರುಗಟ್ಟಲೆ ಸಲೈನ್ ಹೆಪ್ಪುಗಟ್ಟುವ ಶಕ್ತಿಯನ್ನೇ ತೆಳುವಾಗಿಸುತ್ತದೆ. ತೀವ್ರ ಅಲರ್ಜಿಯಲ್ಲಿ ಮೊದಲ ಮದ್ದು ತೊಡೆಯ ಸ್ನಾಯುವಿಗೆ ಅಡ್ರಿನಲಿನ್, ವಯಸ್ಕರಿಗೆ 0.5 ಮಿಲಿಗ್ರಾಂ, ಬಾಟಲಿ ಆಮೇಲೆ. ಹೃದಯಾಘಾತದಿಂದ ಪಂಪ್ ಸೋತವರಿಗೆ ಸುರಿದ ದ್ರವ ಬಹುಪಾಲು ನೇರವಾಗಿ ಶ್ವಾಸಕೋಶ ಸೇರುತ್ತದೆ. ಅವರಿಗೆ ಬೇಕಾದುದು ಮುಚ್ಚಿದ ನಾಳ ತೆರೆಯುವುದು. ಕೊಳಕುಮಂಡಲ ಹಾವು ಕಚ್ಚಿದ ಕೆಲವರಲ್ಲಿ ಲೋಮನಾಳಗಳು ಡೆಂಗಿಯಂತೆಯೇ ಸೋರಿ ಕಣ್ಣರೆಪ್ಪೆ, ಕೆನ್ನೆ ಊದಿಕೊಳ್ಳುವುದುಂಟು. ಅಂಥವರಲ್ಲಿ ದ್ರವ ಎಷ್ಟು ಕೊಟ್ಟರೂ ಸಾಲದು, ತುಸು ಹೆಚ್ಚಾದರೂ ತಾಳದು. ಚಿಕಿತ್ಸಕರನ್ನು ಅತಿ ಹೆಚ್ಚು ಕಾಡುವ ಶಾಕ್‌ಗಳಲ್ಲಿ ಅದೊಂದು.

ರಕ್ತನಾಳದ ಮೂಲಕ ದ್ರವ ಕೊಟ್ಟ ಮೊದಲ ದಾಖಲೆಗಳಲ್ಲಿ ಒಂದು 1832ರದ್ದು. ಸ್ಕಾಟ್ಲೆಂಡಿನ ಲೀತ್ ಪಟ್ಟಣದಲ್ಲಿ ಕಾಲರಾದಿಂದ ಸಾಯುವ ಸ್ಥಿತಿಗೆ ತಲುಪಿದ್ದ ವೃದ್ಧೆಯೊಬ್ಬರಿಗೆ ವೈದ್ಯ ಥಾಮಸ್ ಲಾಟಾ ಅರ್ಧ ಗಂಟೆಯಲ್ಲಿ ಮೂರು ಲೀಟರಿಗೂ ಹೆಚ್ಚು ಉಪ್ಪುನೀರನ್ನು ಅಭಿಧಮನಿಗೆ ಹರಿಸಿದರು. ಗುಳಿಬಿದ್ದ ಕಣ್ಣುಗಳಲ್ಲಿ ಕಳೆ ಬಂತು, ನಾಡಿ ಮರಳಿತು, ಆಕೆ ಮಾತನಾಡಿದರು. ಲಾಟಾ ಆಕೆಯನ್ನು ಇನ್ನೊಬ್ಬ ವೈದ್ಯರಿಗೆ ಒಪ್ಪಿಸಿ ಹೊರಟರು. ವಾಂತಿಭೇದಿ ಮತ್ತೆ ಆರಂಭವಾಯಿತು, ಯಾರೂ ಮತ್ತೆ ದ್ರವ ಕೊಡಲಿಲ್ಲ, ಐದೂವರೆ ಗಂಟೆಯಲ್ಲಿ ಆಕೆ ತೀರಿಕೊಂಡರು. ಅಲ್ಲಿ ದ್ರವ ಸಾಲದೆ ಹೋಯಿತು, ಲುಸಾಕಾದಲ್ಲಿ ಅತಿಯಾಯಿತು. ಮೊದಲ ಬಾರಿಗೆ ಕೊಟ್ಟ ಮೇಲೆ ಮುಂದಿನದ್ದನ್ನು ರೋಗಿಯ ಅವಸ್ಥೆ ನಿರ್ಧರಿಸಲಿಲ್ಲ ಎಂಬುದು ಎರಡಕ್ಕೂ ಸಾಮಾನ್ಯ.

ಆ ಅವಸ್ಥೆಯನ್ನು ಓದಲು ದುಬಾರಿ ಯಂತ್ರ ಬೇಕೆಂದೇನೂ ಇಲ್ಲ. ದ್ರವಕ್ಕೆ ಹೃದಯ ಸ್ಪಂದಿಸುತ್ತದೆಯೇ ಎಂದು ತಿಳಿಯಲು ಮಲಗಿದವರ ಕಾಲುಗಳನ್ನು ಎತ್ತಿಹಿಡಿದು ನೋಡುವ ಪರೀಕ್ಷೆಯಿದೆ. ಕಾಲಿನಲ್ಲಿದ್ದ ರಕ್ತ ಹೃದಯಕ್ಕೆ ಹರಿದು, ಸಲೈನ್ ಇಲ್ಲದೆಯೇ ಸಲೈನ್ ಕೊಟ್ಟಂತಾಗುತ್ತದೆ. ಇನ್ನೂ ಸರಳವಾದುದು ಬೆರಳಿನ ಪರೀಕ್ಷೆ, ಅಂದರೆ ಒತ್ತಿ ಬಿಟ್ಟ ಬೆರಳ ತುದಿಗೆ ಬಣ್ಣ ಎಷ್ಟು ಬೇಗ ಮರಳುತ್ತದೆ ಎಂದು ನೋಡುವುದು. 2019ರ ಆಂಡ್ರೊಮಿಡಾ ಶಾಕ್ ಪ್ರಯೋಗ, ಕೋಶಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಅಳೆಯುತ್ತ ಚಿಕಿತ್ಸೆ ಕೊಡುವುದನ್ನು ಇದರೊಂದಿಗೆ ಹೋಲಿಸಿತು. 28 ದಿನಗಳ ಸಾವು ಬೆರಳಿನ ಗುಂಪಿನಲ್ಲಿ ಶೇ. 34.9, ಲ್ಯಾಕ್ಟೇಟ್ ಗುಂಪಿನಲ್ಲಿ ಶೇ. 43.4, ಆ ಅಂತರ ಆಕಸ್ಮಿಕವಲ್ಲ ಎನ್ನಲು ಬೇಕಾದ ಅಂಕಿಅಂಶದ ಗೆರೆಯನ್ನು ಅದು ಕೂದಲೆಳೆಯಲ್ಲಿ ದಾಟಲಿಲ್ಲ. 2025ರಲ್ಲಿ ಬಂದ ಎರಡನೆಯ, ದೊಡ್ಡ ಪ್ರಯೋಗದಲ್ಲಿ ಸಾವಿನ ಪ್ರಮಾಣ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಇದ್ದರೂ, ಬೆರಳನ್ನು ನೋಡಿ ಚಿಕಿತ್ಸೆ ಪಡೆದವರು ವಾಸೊಪ್ರೆಸ್ಸರ್, ವೆಂಟಿಲೇಟರ್‌ಗಳ ಆಸರೆಯಿಂದ ಬೇಗ ಹೊರಬಂದರು.

ಮಾಡುವ ಕ್ರಮ ಇಷ್ಟು: ಬೆರಳ ತುದಿಯನ್ನು ಗಾಜಿನ ಸ್ಲೈಡಿನಿಂದ ಬಿಳಿಚುವ ತನಕ ಒತ್ತಿ, ಹತ್ತು ಸೆಕೆಂಡ್ ಹಾಗೆಯೇ ಹಿಡಿದು, ಬಿಟ್ಟು, ಬಣ್ಣ ಮರಳುವ ತನಕ ಗಡಿಯಾರ ನೋಡುವುದು. ಮೂರು ಸೆಕೆಂಡ್ ಮೀರಿದರೆ ಕೊನೆಯ ಗದ್ದೆಗೆ ಇನ್ನೂ ನೀರು ಬಂದಿಲ್ಲ. ಮೊದಲ ಪ್ರಯೋಗದಲ್ಲಿ ಇದನ್ನು ಪ್ರತಿ ಅರ್ಧ ಗಂಟೆಗೊಮ್ಮೆ ಮಾಡುತ್ತಿದ್ದರು. ಸ್ಲೈಡಿಗೆ ಕೆಲವೇ ರೂಪಾಯಿ. ರಾತ್ರಿ ಎರಡು ಗಂಟೆಗೂ, ಎರಡೂವರೆಗೂ, ಮೂರಕ್ಕೂ ಅದೇ ಹಾಸಿಗೆಯ ಬಳಿಗೆ ಬರಲು, ಇಡೀ ವಾರ್ಡಿಗೆ ಒಬ್ಬರೇ ಅಲ್ಲದ, ಇನ್ನೊಬ್ಬ ನರ್ಸ್ ಬೇಕು.